ಕಪ್ಪೆಚಿಪ್ಪಿನ ಸುಣ್ಣ

ಬೆಳಿಗ್ಗೆ ಏಳಕ್ಕೆ ಡಬ್ಬಿಯ ಮುಚ್ಚಳ ತೆಗೆದೆ. ಪುಡಿ ಇರಲಿಲ್ಲ. ಬಿಳಿ ಮುದ್ದೆ ಇತ್ತು.

"ನಿನ್ನೆ ನಾನ ನೀರು ಹಾಕೀನಿ," ಅಂದರು ಅತ್ತೆ ದ್ಯಾಮಮ್ಮ. "ಸುಟ್ಟ ಸುಣ್ಣ ಹಂಗ ಇಟ್ರ ಕೆಡತೈತಿ. ಓದಿದಾಕಿ, ಇಷ್ಟೂ ಗೊತ್ತಿಲ್ಲೇನು?" ಅಂಗೈಯಲ್ಲಿದ್ದ ವೀಳ್ಯದೆಲೆಗೆ ಅದನ್ನೇ ಹಚ್ಚುತ್ತಿದ್ದರು.

ನನ್ನ ಗಂಡ ಸಿದ್ದರಾಮೇಶ್ ಸಾಯುವ ಮೊದಲು ಕಣೇಕಲ್ಲು ಕೆರೆಯಿಂದ ಆರಿಸಿ ತಂದಿದ್ದ ಕಪ್ಪೆಚಿಪ್ಪು ಅದು. ಮೊನ್ನೆ ಸುಟ್ಟು ಪುಡಿ ಮಾಡಿದ್ದೆ. ಹೊಂಗೆ ಎಣ್ಣೆ ಮೆಥನಾಲ್ ಜೊತೆ ಸೇರಿ ಡೀಸೆಲ್ ಆಗಲು ಆ ಸುಣ್ಣ ಬೇಕು. ನೀರು ತಾಗಿದರೆ ಎಣ್ಣೆ ಸೋಪಾಗುತ್ತದೆ.

ನಾಲ್ಕಕ್ಕೆ ಕಾಲೇಜಿನ ಕಿರಣ್‌ಕುಮಾರ್ ಬರುತ್ತಾರೆ. ಅಷ್ಟರಲ್ಲಿ ಡೀಸೆಲ್ ಬೇರೆಯಾಗಿ ನಿಂತಿರದಿದ್ದರೆ, ಕಾಲೇಜಿನ ಹಣದಲ್ಲಿ ಸಿದ್ದರಾಮೇಶ್ ಕಟ್ಟಿದ ಈ ಶೆಡ್ಡಿನ ಕೀಲಿ ಅವರಿಗೆ ಕೊಡಬೇಕು. ಬೇರೆ ಚಿಪ್ಪಿಗೆ ಕೆರೆಗೆ ಹೋಗಿ ಬರಲು ಹೊತ್ತಿರಲಿಲ್ಲ.

"ಒಂದು ಮಾತು ಕೇಳಬಾರದಿತ್ತೇನ್ರಿ?"

"ಕೇಳಾಕ ನೀ ಮಾತಾಡ್ತೀಯೇನು? ಅವ ಹೋಗಿ ಎಂಟು ತಿಂಗಳಾತು."

"ನೀರು ಬಿದ್ದ ಸುಣ್ಣ ಎಣ್ಣೆಗೆ ನಡೆಯಂಗಿಲ್ರಿ," ಅಂದೆ. ಅವರು ಡಬ್ಬಿ ನೋಡಿದರು. "ನೀರು ಹೋಗಬೇಕಂದ್ರ ಮತ್ತ ಸುಡು. ಮಾರೇಶನ ಕುಲುಮಿ ಐತಲ್ಲ."

ಕಮ್ಮಾರ ಮಾರೇಶ ನಕ್ಕ. "ಲಾಳ ಬಿಟ್ಟು ಸುಣ್ಣ ಕಾಸಬೇಕೇನ್ರಿ ಅಕ್ಕಾ? ಅಜ್ಜಿ ಎಲಿಗೆ ಬಿಸಿ ಸುಣ್ಣನ ಬೇಕಂತೇನು?"

"ಕೆಂಪಾಗೋವರೆಗೂ ಊದು," ಅಂದೆ.

ಒಂದೂವರೆ ಗಂಟೆ ಊದಿದ. ಬಾಣಲೆ ಕೆಂಪಾಯಿತು, ಅದರಲ್ಲಿದ್ದ ಮುದ್ದೆ ಮತ್ತೆ ಪುಡಿಯಾಯಿತು. ಗಾಳಿಯ ತೇವ ತಾಗದಂತೆ ಪುಡಿಯನ್ನು ಬಿಸಿಯಿದ್ದಾಗಲೇ ಡಬ್ಬಿಗೆ ಹಾಕಿ ಮುಚ್ಚಿದೆ.

ಶೆಡ್ಡಿಗೆ ಬಂದು ಎಣ್ಣೆ, ಮೆಥನಾಲ್ ಜೊತೆ ಆ ಪುಡಿ ಹಾಕಿ ಕಾಸಿ ತಿರುವಿದೆ. ಎರಡಕ್ಕೆ ಮಿಶ್ರಣವನ್ನು ಉದ್ದನೆಯ ಗಾಜಿನ ಜಾಡಿಗೆ ಸುರಿದೆ. ಮಜ್ಜಿಗೆಯಂತೆ ಕದಡಿತ್ತು. ಮೂರಕ್ಕೂ ಹಾಗೇ. ಅತ್ತೆ ಎಲೆ ಹಾಕದೆ ಪಕ್ಕದಲ್ಲಿ ಕೂತಿದ್ದರು. ಸೋಪಿನ ನೊರೆ ಹುಡುಕುತ್ತಾ ನಾನು ಜಾಡಿಯ ಬದಿ ಬಿಡಲಿಲ್ಲ.

ಕಿರಣ್‌ಕುಮಾರ್ ಹತ್ತು ನಿಮಿಷ ಮೊದಲೇ ಬಂದರು. ಜಾಡಿ ನೋಡಿ ಕನ್ನಡಕ ಒರೆಸಿದರು. "ಕಷ್ಟ ಐತಿ ಮೇಡಂ. ಕೀಲಿ ಎಲ್ಲೈತಿ?"

ಕೀಲಿ ನನ್ನ ಮುಷ್ಟಿಯಲ್ಲೇ ಇತ್ತು.

"ನಾಲ್ಕು ಆಗಿಲ್ಲಲ್ಲಪ್ಪಾ," ಅಂದರು ಅತ್ತೆ. "ಕುಂದರು."

ಅವರು ಕೂತರು. ಜಾಡಿಯ ತಳದಲ್ಲಿ ಬೆರಳಷ್ಟು ಕಂದು ಗ್ಲಿಸರಿನ್ ಪದರ ಇಳಿದಿತ್ತು. ನೋಡುತ್ತಿದ್ದಂತೆ ಅದರ ಮೇಲೆ ಒಂದು ಗೆರೆ ಮೂಡಿತು. ಗೆರೆಯ ಮೇಲಿನ ಡೀಸೆಲ್ ಜೇನಿನ ಬಣ್ಣಕ್ಕೆ ತಿಳಿಯಾಯಿತು.

ಕಿರಣ್‌ಕುಮಾರ್ ಮತ್ತೆ ಕೀಲಿ ಕೇಳಲಿಲ್ಲ.

ಅವರು ಹೋದ ಮೇಲೆ ಸಿದ್ದರಾಮೇಶನ ನೋಟ್‌ಬುಕ್ ತೆಗೆದೆ. ಪದರ ಬೇರೆಯಾಗಲು ಅವನಿಗೆ ಯಾವಾಗಲೂ ಮೂರು ಗಂಟೆ ಹಿಡಿದಿತ್ತು. ಇದು ಎರಡರೊಳಗೆ. ನೀರು ಕುಡಿದು ಮತ್ತೆ ಸುಟ್ಟ ಸುಣ್ಣ ಇನ್ನೂ ನುಣ್ಣಗಾಗಿ ಚೆನ್ನಾಗಿ ಕೆಲಸ ಮಾಡಿರಬೇಕು.

"ಮುಂದಿನ ಸಲಾನೂ ನೀವ ನೀರು ಹಾಕ್ರಿ, ಅತ್ತೆ."

"ಈಗ ಕೇಳಿದಿ ನೋಡು," ಅಂದು ಎಲೆ ಬಿಡಿಸಿದರು.