ಮೂರನೇ ಕಿಟಕಿಯ ಕೆಳಗೆ

ಮಕ್ಕಳಿಗೆ ಕಾಲೇಜು ನೋಡಲು ಬಂದವರು ಹಾಸ್ಟೆಲ್ ನೋಡುತ್ತಾರೆ, ಊಟ ನೋಡುತ್ತಾರೆ, ಪಾಠ ಹೇಗೆಂದು ವಿಚಾರಿಸುತ್ತಾರೆ. ಸ್ತಾನಾ ನೋಡಲು ಬಂದದ್ದು ಒಂದು ಕಿಟಕಿಯನ್ನು. ಎರಡನೇ ಮಹಡಿ, ಎಡದಿಂದ ಮೂರನೆಯದು. ಅದು ಈಗಲೂ ತೆರೆದೇ ಇತ್ತು.

"ಅಮ್ಮ, ಮುಖ ಸ್ವಲ್ಪ ಸಡಿಲ ಮಾಡು. ಹೆಣ ನೋಡೋಕೆ ಬಂದೋರ ಥರ ನಿಂತಿದೀಯ," ಎಂದಳು ಮಗಳು ಯಗೋದಾ.

"ವಾತಾವರಣ ನೋಡ್ತಿದೀನಿ ಕಣೆ. ಅದಕ್ಕೇ ಅಲ್ವಾ ಕರೆದಿರೋದು?"

ಔಷಧಶಾಸ್ತ್ರ ಓದಿದರೆ ಇಲ್ಲೇ ಎಂದು ಯಗೋದಾ ಎರಡು ವರ್ಷದಿಂದ ಹಟ ಹಿಡಿದಿದ್ದಳು. ಸಂಜೆಯೊಳಗೆ ಅವಳ ಬಾಯಿಂದಲೇ 'ಇಲ್ಲಿ ಬೇಡ' ಅನ್ನಿಸಬೇಕು, ಪ್ರೊಫೆಸರ್ ವುಚಿನಿಚ್‌ನ ಮಾನವನ್ನು ನಾಲ್ಕು ಜನರೆದುರು ಕಳೆಯಬೇಕು. ಸ್ತಾನಾ ಇವೆರಡನ್ನೂ ಮನಸ್ಸಿನಲ್ಲಿ ಗಂಟು ಹಾಕಿಕೊಂಡು ಬಸ್ಸು ಹತ್ತಿದ್ದಳು.

ಇಪ್ಪತ್ತನಾಲ್ಕು ವರ್ಷದ ಹಿಂದೆ ಅವಳೂ ಇದೇ ಕಾಲೇಜಿನ ವಿದ್ಯಾರ್ಥಿನಿ. ಇಲ್ಲಿ ಪರೀಕ್ಷೆಯೆಂದರೆ ಪ್ರೊಫೆಸರ ಎದುರು ಕೂತು ಬಾಯಲ್ಲಿ ಉತ್ತರ ಹೇಳುವುದು. ಆಮೇಲೆ ಅವರು ನಿಮ್ಮ ಅಂಕಪುಸ್ತಕದಲ್ಲಿ ಅಂಕ ಬರೆದು ಸಹಿ ಹಾಕಬೇಕು. ಹತ್ತು ಬಂದರೆ ಪೂರ್ತಿ, ಐದು ಬಂದರೆ ಫೇಲು. ಕೆಮಿಸ್ಟ್ರಿ ಪರೀಕ್ಷೆಯಲ್ಲಿ ಸ್ತಾನಾ ಒಂದು ಪ್ರಶ್ನೆಗೆ ತಡವರಿಸಿದಳು. "ಪ್ಲಮ್ ತೋಟಕ್ಕೆ ಗೊಬ್ಬರ ಹಾಕೋಕೆ ನಿನಗೆ ಇಷ್ಟು ಕೆಮಿಸ್ಟ್ರಿ ಸಾಕಮ್ಮ" ಎಂದು ವುಚಿನಿಚ್ ಅವಳ ಪುಸ್ತಕವನ್ನು ಕಿಟಕಿಯಿಂದಾಚೆ ಎಸೆದ. ಅದು ಕೆಸರಿಗೆ ಬಿತ್ತು. ಕೆಳಗಿದ್ದವರು ನಕ್ಕರು. ಅದನ್ನು ಹೆಕ್ಕಿಕೊಂಡು ಊರಿನ ಬಸ್ಸು ಹತ್ತಿದವಳು ತಿರುಗಿ ಬರಲಿಲ್ಲ. ಸಂತೆಯಲ್ಲಿ ಚೀಸ್ ಮಾರುತ್ತ ಮಗಳನ್ನು ಬೆಳೆಸಿದಳು. ಓದು ತಲೆಗೆ ಹತ್ತಲಿಲ್ಲ ಎಂದಷ್ಟೇ ಮಗಳಿಗೆ ಹೇಳಿದ್ದಳು.

ಇಂದು ಬೆಳಗಿನ ಪರೀಕ್ಷೆ ಮುಗಿದ ಮೇಲೆ ಪಾಲಕರನ್ನು ಮೂರನೇ ಕಿಟಕಿಯ ಅದೇ ಕೋಣೆಯಲ್ಲಿ ಕೂರಿಸಿದ್ದರು. ವುಚಿನಿಚ್‌ನ ತಲೆ ಪೂರ್ತಿ ನೆರೆತಿತ್ತು, ಜಂಬ ಮಾತ್ರ ಹಾಗೇ ಇತ್ತು.

"ನಮ್ಮದು ಒಂದು ಕುಟುಂಬ. ಇಲ್ಲಿ ಮಕ್ಕಳನ್ನ ಹೂವಿನ ಥರ ನೋಡ್ಕೋತೀವಿ," ಎಂದ. ಆಮೇಲೆ ಮೇಜಿನ ಖಾನೆಯಿಂದ ತನ್ನದೇ ಹಳೆಯ ಅಂಕಪುಸ್ತಕ ತೆಗೆದ. "ನೋಡಿ, ಎಲ್ಲದರಲ್ಲೂ ಹತ್ತು. ಒಂದು ಒಂಬತ್ತು ಕೂಡ ಇಲ್ಲ. ಕೈಯಿಂದ ಕೈಗೆ ದಾಟಿಸಿ."

ಪಾಲಕರು ಪ್ರಸಾದ ಮುಟ್ಟುವಂತೆ ಮುಟ್ಟಿ ದಾಟಿಸಿದರು. ಪುಸ್ತಕ ಸ್ತಾನಾಳ ಕೈಗೆ ಬಂತು. ಅವಳು ಎದ್ದು ಮೂರನೇ ಕಿಟಕಿಯ ಬಳಿಗೆ ಹೋಗಿ ಅದನ್ನು ಆಚೆ ಎಸೆದಳು.

ಕೆಳಗಿನಿಂದ ಒಂದು ಹೆಣ್ಣುದನಿ ಕೂಗಿತು. "ಹಿಡಿದೆ ಕಣೋ. ಐದಾ? ಅಳಬೇಡ, ಜೂನಲ್ಲಿ ಇನ್ನೊಂದು ಸಲ ಕೂತ್ಕೋ."

ಮೊದಲು ಒಬ್ಬ ತಂದೆ ನಕ್ಕ. ಆಮೇಲೆ ಕೋಣೆಗೆ ಕೋಣೆಯೇ ನಕ್ಕಿತು. ವುಚಿನಿಚ್‌ನ ಕಿವಿ ಕೆಂಪಾಯಿತು.

"ಯಾರಮ್ಮ ನೀವು?"

"ಪ್ಲಮ್ ತೋಟದೋಳು."

ಅವನು ಕಣ್ಣು ಕಿರಿದು ಮಾಡಿ ನೋಡಿದ. ನೆನಪು ಬರಲಿಲ್ಲ. ಎಷ್ಟು ಜನರದ್ದು ಎಸೆದಿದ್ದನೋ. ಕಾಲು ಶತಮಾನ ಅವಳು ಹೊತ್ತದ್ದನ್ನು ಅವನು ಊಟದ ಹೊತ್ತಿಗೇ ಮರೆತಿದ್ದ.

ಬಾಗಿಲಲ್ಲಿ ನಿಂತಿದ್ದ ಯಗೋದಾ ಅವಳನ್ನು ಕೈ ಹಿಡಿದು ಅಂಗಳಕ್ಕೆ ಎಳೆದು ತಂದಳು. ಮೆಟ್ಟಿಲಿಳಿಯುತ್ತಲೇ ಸ್ತಾನಾ ಎಲ್ಲವನ್ನೂ ಹೇಳಿದ್ದಳು.

"ಇಷ್ಟು ದಿನ ನನಗೆ ಸುಳ್ಳು ಹೇಳಿದೆ. ಈಗ ನನ್ನ ಓದಿಗೇ ಕಲ್ಲು ಹಾಕಿದೆ," ಎಂದಳು ಯಗೋದಾ. ಅವಳ ಕಣ್ಣು ತುಂಬಿತ್ತು.

"ಇಂಥ ಜಾಗ ನಿನಗೆ ಬೇಡ ಕಣೆ. ಆಯ್ತು, ನಡಿ."

ಮೂರನೇ ಕಿಟಕಿಯ ಕೆಳಗೆ ಗೋಲ್‌ಕೀಪರ್ ಕೈಗವಸು ತೊಟ್ಟ ಹುಡುಗಿಯೊಬ್ಬಳು ಆ ಹಳೆಯ ಪುಸ್ತಕವನ್ನು ತಿರುವಿ ನೋಡುತ್ತಿದ್ದಳು. "ಅಯ್ಯೋ, ಇದು ಮುದುಕಂದೇ. ಎಸೆದೋರು ನೀವಾ ಆಂಟಿ? ನಿಮ್ಮ ಕೈಗೆ ಮುತ್ತು ಕೊಡಬೇಕು."

"ನೀನ್ಯಾಕೆ ಇಲ್ಲಿ ನಿಂತಿದೀಯ?"

"ಇವತ್ತು ನನ್ನ ಪಾಳಿ. ಮಧ್ಯಾಹ್ನ ಮತ್ತೆ ಪರೀಕ್ಷೆ ಇದೆ. ಅವರು ಪುಸ್ತಕ ಎಸೀತಾರೆ, ನಾವು ಹಿಡೀತೀವಿ, ಫೇಲಾದೋರಿಗೆ ಕಾಫಿ ಕುಡಿಸಿ ಪಾಠ ಹೇಳಿಕೊಡ್ತೀವಿ. ಹಿಂದೆ ಯಾವಾಗಲೋ ಒಂದು ಹಳ್ಳಿ ಹುಡುಗಿದು ಕೆಸರಿಗೆ ಬಿತ್ತಂತೆ. ಎಲ್ಲಾ ನಕ್ಕರಂತೆ. ಅವಳು ಹೋದೋಳು ಬರಲೇ ಇಲ್ಲ. ನಕ್ಕೋರಿಗೆ ನಾಚಿಕೆಯಾಗಿ ಮುಂದಿನ ಪರೀಕ್ಷೆಯಿಂದ ನಿಲ್ಲೋಕೆ ಶುರು ಮಾಡಿದ್ರಂತೆ. ಇವತ್ತಿನವರೆಗೂ ಒಂದೂ ನೆಲ ಮುಟ್ಟಿಲ್ಲ."

ಸ್ತಾನಾ ಕಟ್ಟೆಯ ಮೇಲೆ ಕೂತಳು. ಕೈಚೀಲದ ತಳದಲ್ಲಿ ಕೆಸರಿನ ಕಲೆಯ ತನ್ನ ಪುಸ್ತಕವಿತ್ತು. ಅದನ್ನು ಅವನ ಮುಖಕ್ಕೆ ಹಿಡಿಯಲೆಂದು ತಂದಿದ್ದಳು. ಈಗ ಚೀಲದೊಳಗೇ ಗಟ್ಟಿಯಾಗಿ ಹಿಡಿದುಕೊಂಡಳು. ಯಗೋದಾ ಪಕ್ಕದಲ್ಲಿ ಕೂತು ಅವಳ ಭುಜಕ್ಕೆ ಭುಜ ತಾಗಿಸಿದಳು.

"ಅವಳಿಗೆ ಏನಾಯ್ತೋ ಯಾರಿಗೂ ಗೊತ್ತಿಲ್ಲ," ಎಂದಳು ಹುಡುಗಿ.

ಸ್ತಾನಾ ತಲೆಯೆತ್ತಿದಳು. ಮೇಲೆ ವುಚಿನಿಚ್ ಕಿಟಕಿಯಿಂದ ಬಗ್ಗಿ ತನ್ನ ಪುಸ್ತಕಕ್ಕಾಗಿ ಕೈ ಚಾಚಿದ್ದ. ಅವನಿಗೂ ಕೇಳುವಷ್ಟು ಗಟ್ಟಿಯಾಗಿ ಅವಳು ಹೇಳಿದಳು:

"ಅವಳ ಮಗಳು ಅಕ್ಟೋಬರಲ್ಲಿ ಸೇರ್ತಾಳೆ. ಮೊದಲು ಪರೀಕ್ಷೆಗೆ ಕೂರೋದು ಕೆಮಿಸ್ಟ್ರಿಗೇ."