ಹೂಮಳೆ ಸಂಘ ವ್ಯಾಲಿಡೇಟರ್ ಆರಿಸಿದ್ದು ಹೀಗೆ

ಜೂನ್ ತಿಂಗಳಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ ಬೀಜದ ಮೂಟೆಗಳು ಇನ್ನೂ ಗೋಡೌನಿನಲ್ಲೇ ಇದ್ದರೆ ಕಾಫಿ ಬೆಳೆಯುವ ಯಾರಿಗೂ ಊಟ ಸೇರುವುದಿಲ್ಲ. ಗಾಳಿಯಲ್ಲಿರುವ ತೇವವನ್ನೆಲ್ಲ ಬೀಜ ಎಳೆದುಕೊಳ್ಳುತ್ತದೆ. ಮೊದಲು ಬಣ್ಣ ಹೋಗುತ್ತದೆ, ಆಮೇಲೆ ಮುಗ್ಗಲು ವಾಸನೆ. ಆಮೇಲೆ ಕೊಳ್ಳಲು ಬಂದವರು ಮೂಟೆಗೆ ಕೈ ಹಾಕಿ, ಮೂಸಿ ನೋಡಿ, ಕೊಳ್ಳದೆ ಜೀಪು ಹತ್ತುತ್ತಾರೆ.

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯ ಒಂದು ಊರಿನಲ್ಲಿ ಹೂಮಳೆ ಮಹಿಳಾ ಸಂಘವಿದೆ. ಇಪ್ಪತ್ತೆರಡು ಮನೆಯವರು, ಎಲ್ಲರದೂ ಎರಡು ಮೂರು ಎಕರೆ ತೋಟ. ಈ ಸಲ ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ತೊಂಬತ್ತನಾಲ್ಕು ಮೂಟೆ ಮಾಡಿದ್ದರು. ದೂರದ ಖರೀದಿದಾರರೊಬ್ಬರು ಒಪ್ಪಿದ್ದರು. ಲಾರಿ ಬರಲು ಇನ್ನು ಹದಿನಾರು ದಿನ. ಅವರದು ಒಂದೇ ಷರತ್ತು: ಯಾವ ತೋಟದ ಕಾಫಿ, ಯಾವಾಗ ಕೊಯ್ದದ್ದು, ಯಾವಾಗ ಒಣಗಿಸಿದ್ದು ಎಂಬುದೆಲ್ಲ ಲಾರಿ ಬಂದ ದಿನ ಬ್ಲಾಕ್‌ಚೈನಿನಲ್ಲಿ ದಾಖಲಾಗಬೇಕು.

ಬ್ಲಾಕ್‌ಚೈನ್ ಎಂದರೆ ಹೆದರಬೇಡಿ. ಒಂದೇ ಪುಸ್ತಕದ ಪ್ರತಿಗಳು ಹತ್ತಾರು ಊರಿನ ಕಂಪ್ಯೂಟರುಗಳಲ್ಲಿ ಇರುತ್ತವೆ, ಯಾರೋ ಒಬ್ಬರು ಕದ್ದು ತಿದ್ದಲು ಆಗುವುದಿಲ್ಲ. ಬರೆದದ್ದು ಸರಿ ಇದೆ ಎಂದು ಹಗಲೂ ರಾತ್ರಿ ಸಾಕ್ಷಿ ಹಾಕುವ ಕಂಪ್ಯೂಟರಿಗೆ ವ್ಯಾಲಿಡೇಟರ್ ಎನ್ನುತ್ತಾರೆ. ಹೂಮಳೆಯವರು ಸೇರಿದ್ದ ಜಾಲದಲ್ಲಿ ಪ್ರತಿ ಸಂಘವೂ ತನ್ನ ಟೋಕನ್‌ಗಳನ್ನು, ಅಂದರೆ ಠೇವಣಿಯಂತಿರುವ ಜಾಲದ ನಾಣ್ಯಗಳನ್ನು, ಒಂದು ವ್ಯಾಲಿಡೇಟರಿಗೆ ಒಪ್ಪಿಸಬೇಕು. ಆ ಕಂಪ್ಯೂಟರ್ ಮತ್ತೆ ಮತ್ತೆ ಕಣ್ಣು ಮುಚ್ಚಿದರೆ ಒಪ್ಪಿಸಿದವರ ಟೋಕನ್‌ಗೂ ಕತ್ತರಿ ಬೀಳುತ್ತದೆ. ಸಂಘದ ಹತ್ತಿರ ಇದ್ದದ್ದು ಐನೂರ ಹತ್ತು. ಐನೂರಕ್ಕಿಂತ ಕಡಿಮೆಯಾದರೆ ಪುಸ್ತಕದಲ್ಲಿ ಬರೆಯುವ ಹಕ್ಕೇ ಹೋಗುತ್ತದೆ. ಒಮ್ಮೆ ಒಪ್ಪಿಸಿದರೆ ಇಪ್ಪತ್ತೊಂದು ದಿನ ಬದಲಾಯಿಸುವ ಹಾಗೂ ಇಲ್ಲ.

ಅವತ್ತು ಶನಿವಾರ, ಆಯ್ಕೆಗೆ ಕೊನೆಯ ದಿನ. ಸಂಘದ ಅಧ್ಯಕ್ಷೆ ಕುಸುಮಾ ಮೊಬೈಲ್ ಹಿಡಿದು ಗೋಡೌನಿನ ಬಾಗಿಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಅವಳ ಮಾವ ಲಕ್ಕಯ್ಯ, ಮೂವತ್ತು ವರ್ಷ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದವರು.

"ಯೋಚನೆ ಎಂತಕ್ಕೆ? ಟೋಕನ್ನು ನಮ್ಮ ದೇವೇಂದ್ರಂಗೆ ಹಾಕು," ಎಂದರು ಲಕ್ಕಯ್ಯ. "ಮೂಡಿಗೆರೇಲಿ ಅಂಗಡಿ ಮಾಳಿಗೆ ಮೇಲೇ ವ್ಯಾಲಿಡೇಟರ್ ಮಿಷಿನ್ ಇಟ್ಟಿದಾನೆ. ನಾನು ಎತ್ತಿ ಆಡಿಸಿದ ಹುಡುಗ. ಮುಖ ನೋಡದೋರ ಕೈಗೆ ನಮ್ಮದು ಎಂತಕ್ಕೆ ಕೊಡೋದು?"

"ಎಐನೂ ಅವರದ್ದೇ ಒಳ್ಳೇದು ಅಂತಿದೆ ಮಾವ." ಕುಸುಮಾ ಮೊಬೈಲಿನಲ್ಲಿದ್ದ ಎಐ ಸಹಾಯಕ ಕೊಟ್ಟ ಉತ್ತರವನ್ನು ಓದಿದಳು. "ದೇವೇಂದ್ರ ಅವರ ವ್ಯಾಲಿಡೇಟರ್ ನೂರಕ್ಕೆ ತೊಂಬತ್ತೊಂಬತ್ತು ಪಾಲು ಸಮಯ ಚಾಲನೆಯಲ್ಲಿರುತ್ತದೆ. ಉತ್ತಮ ಆಯ್ಕೆ."

"ನೋಡು! ನಾನು ಹೇಳಿದ್ದನ್ನೇ ಹೇಳಿಸೋಕೆ ನಿಂಗೆ ಮೊಬೈಲ್ ಬೇಕಾಯ್ತು."

ಕುಸುಮಾ ಇನ್ನೇನು ಬಟನ್ ಒತ್ತಬೇಕು, ಅಷ್ಟರಲ್ಲಿ ಸ್ಕೂಟರಿನಲ್ಲಿ ರಂಜಿತಾ ಬಂದಳು. ಸಂಘದ ಲೆಕ್ಕದ ಪುಸ್ತಕ ಬರೆಯುವವಳು ಅವಳೇ. ಬಗ್ಗಿ ಮೊಬೈಲಿನಲ್ಲಿದ್ದ ಉತ್ತರ ಓದಿದಳು.

"ಒಂದ್ನಿಮಿಷ ಕುಸುಮಕ್ಕ. ಅದು ಯಾವತ್ತಿನ ಮಾಹಿತಿ ಹೇಳ್ತಿದೆ, ಕೇಳಿದ್ರಾ?"

ಕೇಳಿರಲಿಲ್ಲ. ಈಗ ಕೇಳಿದಳು. ಸಹಾಯಕ ಮುಚ್ಚುಮರೆಯಿಲ್ಲದೆ ಉತ್ತರಿಸಿತು: "ನನಗೆ ತಿಳಿದಿರುವುದು ಫೆಬ್ರವರಿಯವರೆಗಿನದು. ಈಗಿನ ಸ್ಥಿತಿ ನನಗೆ ಕಾಣುವುದಿಲ್ಲ."

"ಫೆಬ್ರವರಿ ಆದ್ರೆ ಎಂತ? ನಾಲ್ಕು ತಿಂಗಳಲ್ಲಿ ಮನುಷ್ಯ ಕೆಟ್ಟುಹೋಗ್ತಾನಾ?" ಲಕ್ಕಯ್ಯ ಬಿಡಲಿಲ್ಲ.

"ಅಜ್ಜ, ಒಂದು ಕೇಳ್ತೀನಿ. ನೀವು ಮೇಸ್ತ್ರಿ ಆಗಿದ್ದಾಗ, ಕಾಫಿ ಹೂವಿಗೆ ಮಳೆ ಸಾಕಾಯ್ತಾ ಅಂತ ಹೋದ ವರ್ಷದ ಮಳೆ ಪುಸ್ತಕ ತೆಗೆದು ನೋಡ್ತಿದ್ರಾ?"

"ಹಂಗೆ ನೋಡಿ ಸ್ಪ್ರಿಂಕ್ಲರ್ ನಿಲ್ಲಿಸಿದ್ರೆ ಸಾಹುಕಾರ್ರು ನನ್ನೇ ತೋಟದಿಂದ ಆಚೆ ಹಾಕ್ತಿದ್ರು! ಬೆಳಿಗ್ಗೆ ಎದ್ದು ಮಳೆ ಅಳೆಯೋ ಗೇಜ್ ನೋಡ್ಬೇಕು, ಎಷ್ಟು ಸೆಂಟ್ಸ್ ಬಿದ್ದಿದೆ ಅಂತ."

"ಇದು ಗೇಜ್ ನೋಡ್ದೆ ಮಾತಾಡ್ತಿದೆ ಅಜ್ಜ. ಇದಕ್ಕೂ ಗೇಜ್ ತೋರ್ಸೋಣ."

ರಂಜಿತಾ ಚೀಲದಿಂದ ಜಾಲದವರು ತರಬೇತಿಯಲ್ಲಿ ಕೊಟ್ಟಿದ್ದ ಕರಪತ್ರ ತೆಗೆದಳು. ಯಾವ ವ್ಯಾಲಿಡೇಟರ್ ಎದ್ದಿದೆ, ಯಾವುದು ನಿಂತಿದೆ ಎಂದು ಆ ಕ್ಷಣದ್ದೇ ಮಾಹಿತಿ ಸಿಗುವ ವಿಳಾಸ ಅದರಲ್ಲಿತ್ತು. ಸಹಾಯಕದ ಸೆಟ್ಟಿಂಗ್ಸಿಗೆ ಹೋಗಿ, ಹೊಸ ಸಂಪರ್ಕ ಎಂಬಲ್ಲಿ ಆ ವಿಳಾಸವನ್ನು ಒಂದೊಂದೇ ಅಕ್ಷರ ನೋಡಿಕೊಂಡು ಬರೆದಳು.

"ವಾಟ್ಸಾಪಲ್ಲೂ ಇಂಥದ್ದೊಂದು ವಿಳಾಸ ಬಂದಿತ್ತಲ್ಲ?" ಎಂದಳು ಕುಸುಮಾ.

"ಅದನ್ನು ಮುಟ್ಬೇಡಿ ಅಕ್ಕ. ಯಾರು ಕಳ್ಸಿದ್ರೋ ಏನೋ."

ಮೊಬೈಲ್ ಅನುಮತಿ ಕೇಳಿತು. ಲಕ್ಕಯ್ಯ ಎದ್ದು ನಿಂತರು. "ಪೆಟ್ಟಿಗೇಲಿ ಟೋಕನ್ ಖಾತೆ ತೆಗೆಯೋ ಹನ್ನೆರಡು ಗುಟ್ಟಿನ ಪದ ಬರೆದ ಚೀಟಿ ಇದೆ. ತರ್ಲಾ?"

"ಅಯ್ಯೋ, ಬೇಡ ಅಜ್ಜ! ಅದನ್ನು ಎಐಗೂ ಹೇಳ್ಬಾರ್ದು, ನಂಗೂ ಹೇಳ್ಬಾರ್ದು. ಇಲ್ಲಿ ನೋಡಿ, 'ಓದಲು ಮಾತ್ರ' ಅಂತಿದೆ. ಇದು ನೋಡ್ಬಹುದು, ಮುಟ್ಟೋಕಾಗಲ್ಲ."

ಕುಸುಮಾ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಉತ್ತರ ಬಂತು: "ಇದು ಇಂದು ಬೆಳಿಗ್ಗೆ 10.40ರ ಮಾಹಿತಿ. ದೇವೇಂದ್ರ ಅವರ ವ್ಯಾಲಿಡೇಟರ್ ಕಳೆದ ಏಳು ದಿನಗಳಲ್ಲಿ ಒಂಬತ್ತು ಸಲ ನಿಂತಿದೆ. ಕೊನೆಯ ಸಲ ನಿನ್ನೆ ರಾತ್ರಿ 11.20ಕ್ಕೆ ನಿಂತು, ಇಂದು 8.15ಕ್ಕೆ ಮರಳಿತು. ಈಗ ಇದಕ್ಕೆ ಟೋಕನ್ ಒಪ್ಪಿಸಿದರೆ ಕಡಿತವಾಗುವ ಅಪಾಯ ಹೆಚ್ಚು."

ಲಕ್ಕಯ್ಯನವರ ಮುಖ ಕೆಂಪಾಯಿತು. "ಆಗ ಹೊಗಳ್ತು, ಈಗ ಚಾಡಿ ಹೇಳ್ತಿದೆ. ಒಂದು ಮಿಷಿನ್ನು ಇನ್ನೊಂದು ಮಿಷಿನ್ ಮೇಲೆ ಚಾಡಿ ಹೇಳಿದ್ರೆ ನಾವು ನಂಬ್ಬೇಕಾ?"

"ನಂಬ್ಬೇಡಿ. ಪರೀಕ್ಷೆ ಮಾಡಿ," ಎಂದಳು ರಂಜಿತಾ.

ಲಕ್ಕಯ್ಯ ತಕ್ಷಣ ದೇವೇಂದ್ರನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿದರು. ವಿಷಯ ಮಾತ್ರ ಬಾಯಿ ಬಿಡಲಿಲ್ಲ. "ರಾತ್ರಿ ನಿಮ್ಮಲ್ಲಿ ಕರೆಂಟ್ ಇತ್ತಾ ಮಾರಾಯ?"

"ಎಲ್ಲಿಂದ ಮೇಸ್ತ್ರಿಗಳೇ! ಹನ್ನೊಂದು ಗಂಟೆಗೆ ಸಿಲ್ವರ್ ಓಕ್ ಮರ ಮುರಿದು ಲೈನ್ ಮೇಲೆ ಬಿತ್ತು. ಬ್ಯಾಟರಿ ಇಪ್ಪತ್ತೇ ನಿಮಿಷ ಬಂದಿದ್ದು. ಬೆಳಿಗ್ಗೆ ಎಂಟೂಕಾಲಿಗೆ ಲೈನ್‌ಮನ್ ಪಾಪ ನೆಂದುಕೊಂಡು ಸರಿ ಮಾಡಿ ಹೋದ."

ಹನ್ನೊಂದು ಗಂಟೆ, ಮೇಲೆ ಇಪ್ಪತ್ತು ನಿಮಿಷ. ಲಕ್ಕಯ್ಯ ಬೆರಳು ಮಡಿಸಿ ನೋಡಿದರು. ಮತ್ತೆ ಮೊಬೈಲ್ ನೋಡಿದರು. 11.20. 8.15.

"ಎಂತಕ್ಕೆ ಕೇಳಿದ್ರಿ ಮೇಸ್ತ್ರಿಗಳೇ?"

ಲಕ್ಕಯ್ಯನವರಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಇದ್ದದ್ದನ್ನು ಹೇಳಿದರು.

"ಈ ಮಳೆ ಮುಗಿಯೋವರೆಗೆ ನನಗೆ ಹಾಕ್ಬೇಡಿ," ಎಂದ ದೇವೇಂದ್ರ. "ಬೇಸಿಗೇಲಿ ನನ್ನ ಮಿಷಿನ್ ಒಂದು ದಿನಾನೂ ನಿಂತಿಲ್ಲ, ಅದು ನಿಜ. ಆದ್ರೆ ದೊಡ್ಡ ಬ್ಯಾಟರಿ ಬರೋದು ಇನ್ನೂ ತಡ. ನನ್ನಿಂದ ನಿಮ್ಮ ಮೂಟೆ ಗೋಡೌನಲ್ಲೇ ಉಳಿದ್ರೆ ನಾನು ನಿಮ್ಮೂರ ಕಡೆ ತಲೆ ಹಾಕೋದು ಹೇಗೆ?"

ಫೋನ್ ಇಟ್ಟ ಮೇಲೆ ಲಕ್ಕಯ್ಯ ಮೊಬೈಲಿನತ್ತ ಕೈ ತೋರಿಸಿದರು. "ಕುಸುಮಾ, ಇನ್ನೂ ಎಂತ ನೋಡ್ತಿದೀಯ? ಮಳೆ ಶುರುವಾದ ಮೇಲೂ ಗಟ್ಟಿಯಾಗಿ ನಿಂತಿರೋದು ಯಾವುದು, ಕೇಳು ಅದನ್ನ."

ಕುಸುಮಾ ಕೇಳಿದಳು. ತಿಂಗಳಿಡೀ ನಿಲ್ಲದೆ ನಡೆದ ಮೂರು ಹೆಸರು ಬಂದವು. ರಂಜಿತಾ ಅಷ್ಟಕ್ಕೇ ಬಿಡದೆ, ಜಾಲದ ಪುಟವನ್ನೇ ತೆರೆದು ಮೂರರ ಅಂಕಿಗಳನ್ನೂ ತಾಳೆ ನೋಡಿದಳು. ಮಧ್ಯಾಹ್ನ ಸಂಘದ ಹೆಂಗಸರೆಲ್ಲ ಸೇರಿ ಒಂದನ್ನು ಆರಿಸಿದರು. ಸಹಾಯಕ ಹೇಳಿದ್ದು ಸಲಹೆ. ತೀರ್ಮಾನ ಸಂಘದ್ದು, ಬಟನ್ ಒತ್ತಿದ್ದು ಕುಸುಮಾ.

ಎಂಟು ದಿನಕ್ಕೆ ಗಾಳಿಮಳೆ ಜೋರಾಗಿ ಮೂಡಿಗೆರೆಯಲ್ಲಿ ಒಂದೂವರೆ ದಿನ ಕರೆಂಟಿರಲಿಲ್ಲ. ಗುಡ್ಡದ ಮೇಲೆ ಸಿಗ್ನಲ್ ಸಿಕ್ಕ ಕಡೆ ನಿಂತು ಲಕ್ಕಯ್ಯ ತಾವೇ ಮೊಬೈಲ್ ಹತ್ತಿರ ಮಾತಾಡಿದರು: "ನಮ್ಮ ವ್ಯಾಲಿಡೇಟರ್ ಈಗ ಎದ್ದಿದೆಯಾ? ಈಗಿಂದು ಹೇಳು, ಹಳೇದು ಬೇಡ." ಎದ್ದಿತ್ತು. ಐನೂರ ಹತ್ತು ಟೋಕನ್ ಐನೂರ ಹತ್ತಾಗಿಯೇ ಇತ್ತು.

ಹದಿನಾರನೆಯ ದಿನ ಲಾರಿ ಬಂತು. ತೊಂಬತ್ತನಾಲ್ಕು ಮೂಟೆಯೂ ದಾಖಲಾಯಿತು, ತೇವ ಅಳೆದು ನೋಡಿದವರು ಸರಿಯಿದೆ ಎಂದು ತಲೆಯಾಡಿಸಿದರು. ಟಾರ್ಪಾಲು ಬಿಗಿದು ಲಾರಿ ಹೊರಟ ಮೇಲೆ ಲಕ್ಕಯ್ಯ ಮೊದಲು ಫೋನ್ ಮಾಡಿದ್ದು ದೇವೇಂದ್ರನಿಗೆ. "ನೀನು ನಿಜ ಹೇಳಿದ್ದಕ್ಕೆ ನಮ್ಮ ಕಾಫಿ ಉಳೀತು ಮಾರಾಯ. ಬ್ಯಾಟರಿ ಬಂದ ದಿನ ಹೇಳು. ನಾನೇ ಗೇಜ್ ನೋಡಿ ನಿಂಗೆ ಹಾಕಿಸ್ತೀನಿ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಸಂಘವೂ ಇಂಥ ಜಾಲಕ್ಕೆ ಸೇರಿದ್ದರೆ, ಎಐ ಹೇಳಿತೆಂದು, ಪರಿಚಯದವರೆಂದು ಕಣ್ಣು ಮುಚ್ಚಿ ಟೋಕನ್ ಒಪ್ಪಿಸಬೇಡಿ. ಯಾವ ದಿನದ, ಯಾವ ಹೊತ್ತಿನ ಮಾಹಿತಿ ಎಂದು ಎಐಯನ್ನೇ ಕೇಳಿ. ಜಾಲದವರೇ ಕೊಟ್ಟ ವಿಳಾಸದಿಂದ ಈ ಹೊತ್ತಿನ ಮಾಹಿತಿ ಸಿಗುವ ಹಾಗೆ ಜೋಡಿಸಿ. ಜೋಡಿಸಲು ಬರದಿದ್ದರೆ ನಿಮ್ಮ ಸಂಘದ ಪುಸ್ತಕ ಬರಹಗಾರರ ಪಕ್ಕ ಕೂತು ಕಲಿಯಿರಿ, ಕಾಲು ಗಂಟೆ ಸಾಕು. ಓದಲು ಮಾತ್ರ ಅನುಮತಿ ಕೊಡಿ. ಗುಟ್ಟಿನ ಪದಗಳ ಚೀಟಿ ಪೆಟ್ಟಿಗೆಯಿಂದ ಆಚೆ ಬರಬಾರದು. ಬಂದ ಉತ್ತರವನ್ನು ಒಮ್ಮೆಯಾದರೂ ನಿಮ್ಮ ಕಣ್ಣಿನಿಂದಲೇ ತಾಳೆ ನೋಡಿ. ಇದನ್ನೆಲ್ಲ ಇವತ್ತೇ ಮಾಡಿ, ಲಾರಿ ಬಾಗಿಲಿಗೆ ಬರುವವರೆಗೆ ಕಾಯಬೇಡಿ.