ಆರ್ಚ್ ಹೋಬನ್‌ನ ಮೊದಲ ಎರಡು ವರ್ಷ

ಡಾರ್ಗುಲ್ ಫುಟ್‌ಬಾಲ್ ಕ್ಲಬ್ಬಿನಲ್ಲಿ ಯಾವ ವರ್ಷ ಯಾರು ಎಷ್ಟು ಗೋಲು ಹೊಡೆದರು ಎಂದು ಜಗಳ ಹತ್ತಿಕೊಂಡರೆ, ಅದರ ಆಯಸ್ಸು ವೆರ್ನಾ ಹೋಬನ್ ಒಳಗೆ ಬರುವ ತನಕ ಮಾತ್ರ. ಎಪ್ಪತ್ತೊಂದು ವರ್ಷದ ವೆರ್ನಾ ಮೂವತ್ತು ವರ್ಷ ಊರಿನ ಅಂಚೆ ಕಚೇರಿ ನಡೆಸಿದವಳು, ಅದಕ್ಕಿಂತ ಹೆಚ್ಚು ವರ್ಷದಿಂದ ಕ್ಲಬ್ಬಿನ ದಾಖಲೆ ಬರೆಯುತ್ತ ಬಂದವಳು. ಅವಳು ಒಂದು ಅಂಕಿ ಹೇಳಿದರೆ ಯಾರೂ ತಿರುಗಿ ಕೇಳುತ್ತಿರಲಿಲ್ಲ.

ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಅವಳು ಆರ್ಚ್ ಹೋಬನ್‌ನ ಮಗಳು. ಗೋಧಿ ಬೆಳೆಯುವ ಆ ಬಯಲು ಸೀಮೆಯಲ್ಲಿ ಆರ್ಚ್‌ನ ಹೆಸರು ಕೇಳದ ಮನೆಯಿಲ್ಲ. ಕ್ಲಬ್ಬಿನ ಗೋಡೆಗೆ ಹಾಕಿದ ಕೋಚ್‌ಗಳ ಫಲಕದಲ್ಲಿ ಎಲ್ಲಕ್ಕಿಂತ ಮಿಂಚುವ ಸಾಲು ಅವನದೇ: 1961ರಿಂದ 1966, ನೂರೆಂಟು ಪಂದ್ಯ, ಎಪ್ಪತ್ತೊಂಬತ್ತು ಗೆಲುವು, ಮೂರು ಚಾಂಪಿಯನ್ ಪಟ್ಟ.

ವೆರ್ನಾಳಿಗೆ ಎಪ್ಪತ್ತೊಂದಾಗಿದ್ದ ಆ ವರ್ಷ, ಆಟದ ಋತು ಮುಗಿದ ವಾರವೇ ಕ್ಲಬ್ಬಿನ ಅಧ್ಯಕ್ಷ ಬ್ರೆಟ್ ಹೆನ್ಶ್‌ಕೆ ಅವಳ ಅಡುಗೆಮನೆಗೆ ಬಂದು ಕುಳಿತ. ಕಟಾವು ಯಂತ್ರ ಮಾರುವ ಬ್ರೆಟ್ ಒಂದು ಕಾಲಕ್ಕೆ ಕ್ಲಬ್ಬಿಗೆ ರಾಶಿ ರಾಶಿ ಗೋಲು ಹೊಡೆದವನು. ಸುತ್ತಿ ಬಳಸಿ ಮಾತಾಡುವುದು ಅವನಿಗೆ ಬರುತ್ತಿರಲಿಲ್ಲ. ಕೋಚ್ ಲೀತ್ ಪಾಸ್ಕೋ ಎರಡು ವರ್ಷದಲ್ಲಿ ಮೂವತ್ತಾರು ಪಂದ್ಯ ಆಡಿಸಿ ಹದಿನೈದು ಗೆಲ್ಲಿಸಿದ್ದಾನೆ, ಇದು ಸಾಲದು, ಮೆಲ್ಬರ್ನಿನಲ್ಲಿ ಆಡಿ ನಿವೃತ್ತನಾದವನೊಬ್ಬ ಬರಲು ಒಪ್ಪಿದ್ದಾನೆ ಎಂದ. ಭಾನುವಾರದ ಸಮಿತಿಗೆ ಹಿಂದಿನ ಕೋಚ್‌ಗಳ ಜೊತೆ ಲೀತ್‌ನನ್ನು ಹೋಲಿಸಿ ಒಂದು ಹಾಳೆ ಬರೆದುಕೊಡಬೇಕು ಅನ್ನುವುದು ಅವನ ಕೋರಿಕೆ.

"ನಿಮ್ಮಪ್ಪನ ಪಕ್ಕ ಅವನನ್ನ ನಿಲ್ಲಿಸಿಬಿಡಿ ವೆರ್ನಾ, ಸಾಕು. ಮಿಕ್ಕಿದ್ದು ನಾನು ಬಾಯಿ ಬಿಡೋದೇ ಬೇಡ."

"ನಿಲ್ಲಿಸ್ತೀನಪ್ಪ," ಎಂದಳು ವೆರ್ನಾ. "ಆದ್ರೆ ಇಬ್ಬರನ್ನೂ ಒಂದೇ ಗೆರೆ ಮೇಲೆ ನಿಲ್ಲಿಸ್ತೀನಿ."

ಬ್ರೆಟ್‌ಗೆ ಅದು ತಲೆಗೆ ಹೋಗಲಿಲ್ಲ. ಚಹಾ ಮುಗಿಸಿ ಎದ್ದು ಹೋದ.

ವೆರ್ನಾಳಿಗೆ ಮಾತ್ರ ತಾನು ಆಡಿದ್ದರ ಭಾರ ಗೊತ್ತಿತ್ತು. ಅವಳ ಅಪ್ಪ ಕೋಚ್ ಆದದ್ದು 1961ರಲ್ಲಿ ಅಲ್ಲ, ಅದಕ್ಕೆ ಎರಡು ವರ್ಷ ಮೊದಲು. ಆ ಎರಡು ವರ್ಷದ ಪುಸ್ತಕಗಳು ಕ್ಲಬ್ಬಿನ ಹಳೆಯ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋಗಿದ್ದವು. 1994ರಲ್ಲಿ ಫಲಕ ಬರೆಸುವ ಕೆಲಸ ವೆರ್ನಾಳ ಪಾಲಿಗೆ ಬಂದಾಗ ಅವಳು ಅಪ್ಪನನ್ನೇ ಕೇಳಿದ್ದಳು. ಮುದುಕ ಕಿಟಕಿಯಾಚೆ ನೋಡುತ್ತ, "ಅವೆರಡನ್ನ ಬಿಡು ಮಗಳೇ, ಪುಸ್ತಕಾನೂ ಇಲ್ಲ, ನೆನಪಿರೋರೂ ಇಲ್ಲ," ಎಂದಿದ್ದ. ಬೇರೆ ಯಾರೇ ಹಾಗೆ ಹೇಳಿದ್ದರೂ ಅವಳು ಬಿಡುತ್ತಿರಲಿಲ್ಲ. ಅಪ್ಪ ಅಂತ ಬಿಟ್ಟಳು. ಆತ ತೀರಿಕೊಂಡು ಈಗ ಇಪ್ಪತ್ತು ವರ್ಷ.

ಮರುದಿನ ಬೆಳಿಗ್ಗೆ ವೆರ್ನಾ ಕಾರು ತೆಗೆದು ನಲವತ್ತು ಮೈಲಿ ದೂರದ ಪೇಟೆಗೆ ಹೋದಳು. ಅಲ್ಲಿನ ಗ್ರಂಥಾಲಯದಲ್ಲಿ ಹಳೆಯ ವಾರಪತ್ರಿಕೆಗಳನ್ನು ವರ್ಷವಾರು ಹೊಲಿದು ಇಟ್ಟಿದ್ದರು. ಎರಡು ದಿನ ಕುಳಿತು ಮೂವತ್ತಾರು ಪಂದ್ಯಗಳ ಫಲಿತಾಂಶವನ್ನು ಒಂದೊಂದಾಗಿ ಬರೆದುಕೊಂಡಳು. 1959ರಲ್ಲಿ ಮೂರು ಗೆಲುವು, ಮರುವರ್ಷ ನಾಲ್ಕು. ಒಂದು ಗೋಲಿಗೆ ಆರು ಪಾಯಿಂಟು ಸಿಗುವ ಅಲ್ಲಿನ ಫುಟ್‌ಬಾಲಿನಲ್ಲೂ ಅದು ಹೀನಾಯವೇ, ಒಂದು ಶನಿವಾರವಂತೂ ನೂರ ನಲವತ್ತೊಂದು ಪಾಯಿಂಟುಗಳ ಸೋಲು. ಹೋಬನ್‌ನಿಗೆ ಕುರಿ ಮೇಯಿಸುವ ಕೆಲಸವೇ ಲೇಸು, ಕುರಿಗಳು ಒಪ್ಪಿದರೆ, ಎಂದು ಓದುಗನೊಬ್ಬ ಪತ್ರಿಕೆಗೆ ಬರೆದಿದ್ದ. ಅದನ್ನು ಓದಿ ವೆರ್ನಾಳಿಗೆ ನಗು ತಡೆಯಲಾಗಲಿಲ್ಲ. ಮುಂದಿನ ವಾರದ ಸಂಚಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ಒಂದು ಸುದ್ದಿ ಸಿಕ್ಕಿತು. ಎರಡನೇ ವರ್ಷದ ಆಟ ಮುಗಿದ ಮೇಲೆ ಹೋಬನ್‌ನನ್ನು ಉಳಿಸಿಕೊಳ್ಳಬೇಕೇ ಬೇಡವೇ ಎಂದು ಸಮಿತಿ ಮತ ಹಾಕಿತ್ತು. ಬೇಕು ಎಂದವರು ಐದು, ಬೇಡ ಎಂದವರು ನಾಲ್ಕು. ಆ ಸಾಲುಗಳನ್ನು ಅವಳು ಮೂರು ಸಲ ಓದಿದಳು. ಅಪ್ಪ ಇದನ್ನು ಜೀವಮಾನವಿಡೀ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಎಂದು ಕನಿಕರವಾಯಿತು. ಮುಚ್ಚಿಡುವಂಥದ್ದು ಇದರಲ್ಲಿ ಏನಿತ್ತು ಎಂದೂ ಅನ್ನಿಸಿತು.

ಭಾನುವಾರ ಹನ್ನೊಂದಕ್ಕೆ ಸಮಿತಿಯ ಒಂಬತ್ತು ಜನ ಸೇರಿದರು. ಲೀತ್‌ನನ್ನೂ ಕರೆದಿದ್ದರು. ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಆತ ಬಾಗಿಲ ಬಳಿಯ ಕುರ್ಚಿಯಲ್ಲಿ, ತೀರ್ಪು ಆಗಲೇ ಗೊತ್ತಿರುವವನಂತೆ ಕುಳಿತಿದ್ದ.

ವೆರ್ನಾ ಎದ್ದು ನಿಂತು ಓದಿದಳು. ಒಬ್ಬ ಎಂಟು ವರ್ಷ ಇದ್ದ, ಒಬ್ಬ ಎರಡೇ ವರ್ಷ ಇದ್ದ, ಹಾಗಾಗಿ ಒಟ್ಟು ಗೆಲುವನ್ನು ಹೋಲಿಸುವುದು ನ್ಯಾಯವಲ್ಲ, ಎಲ್ಲರ ಮೊದಲ ಮೂವತ್ತಾರು ಪಂದ್ಯಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ ಎಂದು ಮೊದಲೇ ಹೇಳಿದಳು. ಹನ್ನೆರಡು ಕೋಚ್‌ಗಳಲ್ಲಿ ಲೀತ್ ಐದನೆಯವನು. ಅವನು ಬರುವ ಮುಂಚಿನ ವರ್ಷ ಕ್ಲಬ್ಬು ಒಂದೊಂದು ಸೋಲಿನಲ್ಲೂ ಸರಾಸರಿ ಅರವತ್ತೆರಡು ಪಾಯಿಂಟು ಹಿಂದೆ ಬೀಳುತ್ತಿತ್ತು, ಈಗ ಅದು ಹತ್ತೊಂಬತ್ತಕ್ಕೆ ಇಳಿದಿದೆ. ಕೊನೆಗೆ ತನ್ನ ಅಪ್ಪನ ಹೆಸರು ಓದಿದಳು.

"ಆರ್ಚ್ ಹೋಬನ್. ಮೂವತ್ತಾರಕ್ಕೆ ಏಳು. ಹನ್ನೆರಡನೇ ಸ್ಥಾನ."

ಬ್ರೆಟ್ ತಿರುಗಿ ಗೋಡೆ ನೋಡಿದ.

"ಫಲಕದಲ್ಲಿ ಹಾಗಿಲ್ವಲ್ಲ, ವೆರ್ನಾ."

"ಫಲಕ ಬರೆಸಿದೋಳು ನಾನೇ ಕಣೋ. ತಪ್ಪು ಬರೆಸಿದೆ. ಅಪ್ಪ ಬಿಡು ಅಂದ್ರು, ಗೊತ್ತಿದ್ದೂ ಬಿಟ್ಟೆ." ಅವಳು ಪತ್ರಿಕೆಯ ನಕಲನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದಳು. "ಇದೇ ಸಮಿತಿ ನಮ್ಮಪ್ಪನ್ನೂ ಹೀಗೇ ಕೂರಿಸ್ಕೊಂಡು ಮತ ಹಾಕಿತ್ತು. ಒಂದೇ ಒಂದು ಕೈ ಜಾಸ್ತಿ ಎದ್ದಿದ್ದಕ್ಕೆ ಉಳಿದ್ರು. ಆ ಕೈ ಎತ್ತಿದೋರು ಯಾರೋ ನಂಗೊತ್ತಿಲ್ಲ. ಅವರಿಲ್ದಿದ್ರೆ ಆ ಮೂರು ಪಟ್ಟ ಎಲ್ಲಿತ್ತು? ನೀವೆಲ್ಲ ನಮ್ಮಪ್ಪನ್ನ ಎಣಿಸ್ತಿರೋದು ಮೂರನೇ ವರ್ಷದಿಂದ. ಲೀತ್‌ಗೂ ಮೂರನೇ ವರ್ಷ ಕೊಡಿ, ಆಮೇಲೆ ಹೋಲಿಸೋಣ."

ಬ್ರೆಟ್ ಸುಲಭಕ್ಕೆ ಮಣಿಯಲಿಲ್ಲ. ಆಗ ಊರು ತುಂಬ ಹುಡುಗರಿದ್ದರು, ಈಗ ಇರುವುದೇ ಇಪ್ಪತ್ತೆಂಟು ಆಟಗಾರರು, ಇನ್ನೊಂದು ವರ್ಷ ಸೋತರೆ ಅವರಲ್ಲಿ ಅರ್ಧ ಜನ ಪಕ್ಕದ ಕ್ಲಬ್ಬಿಗೆ ಹೋಗುತ್ತಾರೆ ಎಂದು ವಾದಿಸಿದ. ಅವನ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ವೆರ್ನಾ ಹಾಳೆ ಮಡಚಿಟ್ಟು ಕುಳಿತಳು. ತನ್ನ ಕೆಲಸ ಅಂಕಿ ಹೇಳುವುದು, ಅದು ಮುಗಿದಿತ್ತು. ಕೈ ಎತ್ತಿಸಿದಾಗ ಲೀತ್‌ನ ಪರ ಆರು, ವಿರುದ್ಧ ಮೂರು. ಸೋತ ಬ್ರೆಟ್ ನೆಟ್ಟಗೆ ಬಾಗಿಲ ಬಳಿಗೆ ಹೋಗಿ ಲೀತ್‌ನ ಕೈ ಕುಲುಕಿದ.

ಆ ಬೇಸಿಗೆಯಲ್ಲಿ ವೆರ್ನಾ ಬಣ್ಣದವನನ್ನು ಕರೆಸಿ ಅಪ್ಪನ ಸಾಲನ್ನು ತಿದ್ದಿಸಿದಳು: 1959ರಿಂದ 1966, ನೂರ ನಲವತ್ನಾಲ್ಕು ಪಂದ್ಯ, ಎಂಬತ್ತಾರು ಗೆಲುವು. ನೂರಕ್ಕೆ ಎಪ್ಪತ್ತಮೂರು ಇದ್ದದ್ದು ಅರವತ್ತಕ್ಕೆ ಇಳಿಯುತ್ತದಲ್ಲ ಎಂದು ಬಣ್ಣದವನು ಹಿಂದೆ ಮುಂದೆ ನೋಡಿದ. ಇಳಿದರೆ ಇಳಿಯಲಿ, ಮೂರು ಪಟ್ಟ ಇಳಿಯುವುದಿಲ್ಲ ಎಂದಳು.

ಮರುವರ್ಷ ಡಾರ್ಗುಲ್ ಹದಿನೆಂಟರಲ್ಲಿ ಹನ್ನೆರಡು ಗೆದ್ದಿತು. ಹದಿಮೂರು ವರ್ಷದ ಮೇಲೆ ಸೆಮಿಫೈನಲ್ ಆಡಿ, ಎರಡು ಗೋಲಿಗೂ ಕಡಿಮೆ, ಒಂಬತ್ತೇ ಪಾಯಿಂಟಿನಿಂದ ಸೋತಿತು. ಆಟಗಾರರಲ್ಲಿ ಒಬ್ಬನೂ ಕ್ಲಬ್ಬು ಬಿಟ್ಟು ಹೋಗಿರಲಿಲ್ಲ. ಪಂದ್ಯ ಮುಗಿದ ಮೇಲೆ ಲೀತ್ ಆಟಗಾರರ ಕೋಣೆಯೊಳಗೆ ಹೋಗದೆ ಬೇಲಿಯ ಬಳಿ ನಿಂತಿದ್ದ. ವೆರ್ನಾ ಹತ್ತಿರ ಬಂದಾಗ, ಸೋತ ದಿನ ನಿಮ್ಮಪ್ಪ ಹುಡುಗರಿಗೆ ಏನು ಹೇಳುತ್ತಿದ್ದರು ಎಂದು ಕೇಳಿದ.

"ಏನೂ ಇಲ್ಲ. ಎಲ್ಲರೂ ಹೋಗೋ ತನಕ ಕಾರಲ್ಲಿ ಬಾಗಿಲು ಹಾಕ್ಕೊಂಡು ಕೂತಿರ್ತಿದ್ರು," ಎಂದಳು. "ಈ ಒಂದು ವಿಷಯದಲ್ಲಿ ನೀನು ಅವರಿಗಿಂತ ಮೇಲಾಗಬಹುದು ಮಾರಾಯ. ಹೋಗು, ಹುಡುಗರು ಕಾಯ್ತಿದ್ದಾರೆ."

ಲೀತ್ ಟೋಪಿ ತೆಗೆದು ತಲೆ ಕೆರೆದುಕೊಂಡು, ಒಳಗೆ ನಡೆದ.